ಎಕರೆಗೆ ಮೂರು ಸೆಂಟ್: ನೆಪೋಲಿಯನ್ ಮಾರಿದ್ದಾದರೂ ಏನನ್ನು?

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಯಿಸಿಯಾನ ಪ್ರದೇಶವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು, ದೇಶದ ವಿಸ್ತೀರ್ಣ ಎರಡು ಪಟ್ಟಾಯಿತು ಅಂತ ಪುಸ್ತಕದಲ್ಲಿ ಎರಡೇ ಸಾಲು ಇದೆ. ನೆಪೋಲಿಯನ್‌ನಂಥವನು ಅಷ್ಟು ಅಗ್ಗಕ್ಕೆ ಯಾಕೆ ಮಾರಿದ? ಕೊಂಡಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ಆಗ ಗಲಾಟೆ ಆಗಿತ್ತಂತೆ, ನಿಜವಾ? ಒಂದು ದೇಶ ಹೀಗೆ ದುಡ್ಡು ಕೊಟ್ಟು ನೆಲ ಕೊಳ್ಳಬಹುದಾ?

ಉತ್ತರ: ಗಲಾಟೆ ಆಗಿದ್ದು ನಿಜ. ಮಾರಿದವನಿಗೆ ಮಾರುವ ಹಕ್ಕಿತ್ತಾ ಎಂದು ಸ್ಪೇನ್ ಕೇಳಿತು. ಕೊಂಡವನಿಗೆ ಕೊಳ್ಳುವ ಹಕ್ಕಿತ್ತಾ ಎಂದು ಅಮೆರಿಕದ ವಿರೋಧ ಪಕ್ಷ ಕೇಳಿತು. ಕೊಂಡ ಅಧ್ಯಕ್ಷನಿಗೇ ಅದೇ ಅನುಮಾನ ಒಳಗೊಳಗೆ ಕಾಡುತ್ತಿತ್ತು. ಆ ನೆಲದಲ್ಲಿ ಬದುಕುತ್ತಿದ್ದವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. "ಎಕರೆಗೆ ಮೂರು ಸೆಂಟ್", ಅಂದರೆ ಒಂದು ಡಾಲರಿನ ನೂರರಲ್ಲಿ ಮೂರು ಪಾಲು, ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಕೇಳಲು ಮಜವಾಗಿಯೂ ಇದೆ, ಆದರೆ ಆ ದುಡ್ಡಿಗೆ ಅಮೆರಿಕಕ್ಕೆ ನಿಜವಾಗಿ ಸಿಕ್ಕಿದ್ದು ಏನು ಅಂತ ನೋಡಿದರೆ ಲೆಕ್ಕವೇ ಬೇರೆ ಆಗುತ್ತದೆ.

ಮೊದಲು ಗಾತ್ರ. ಇಂದಿನ ಲೂಯಿಸಿಯಾನ ರಾಜ್ಯ ಬೇರೆ, ಆಗಿನ ಲೂಯಿಸಿಯಾನ ಬೇರೆ. ಪರೀಕ್ಷೆಯಲ್ಲಿ ಇದನ್ನು ಕಲಸಿಕೊಳ್ಳುವವರು ಜಾಸ್ತಿ. ದಕ್ಷಿಣದಲ್ಲಿ ನ್ಯೂ ಓರ್ಲಿಯನ್ಸ್ ಬಂದರು, ಅಲ್ಲಿಂದ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ರಾಕಿ ಪರ್ವತಗಳವರೆಗೆ ಹಬ್ಬಿದ ನೆಲ ಎಲ್ಲಾ ಸೇರಿ ಸುಮಾರು 21.4 ಲಕ್ಷ ಚದರ ಕಿಲೋಮೀಟರ್. ಹನ್ನೊಂದು ಕರ್ನಾಟಕ ಹಿಡಿಸುವಷ್ಟು. ಅಯೋವಾ, ಮಿಸೌರಿ, ನೆಬ್ರಾಸ್ಕಾ ಪೂರ್ತಿಯಾಗಿ, ಕ್ಯಾನ್ಸಸ್ ಬಹುಪಾಲು, ಮೊಂಟಾನಾ, ಕೊಲೊರಾಡೊ ಮೊದಲಾದವು ಅರೆಬರೆಯಾಗಿ, ಹೀಗೆ ಇಂದಿನ 15 ರಾಜ್ಯಗಳು ಇದರೊಳಗೆ ಬರುತ್ತವೆ.

ಇಷ್ಟೆಲ್ಲ ಬೇಕು ಅಂತ ಅಮೆರಿಕ ಕೇಳಿರಲೇ ಇಲ್ಲ. ಅದಕ್ಕೆ ಬೇಕಿದ್ದದ್ದು ಒಂದು ಊರು, ನ್ಯೂ ಓರ್ಲಿಯನ್ಸ್. ಆಗ ಅಪಲೇಷಿಯನ್ ಬೆಟ್ಟಗಳ ಆಚೆ, ಕೆಂಟಕಿ, ಟೆನೆಸಿ, ಓಹಾಯೊ ಕಡೆ ನೆಲೆಸಿದ್ದ ರೈತರಿಗೆ ಬೆಳೆದದ್ದನ್ನು ಮಾರಬೇಕಿದ್ದರೆ ಇದ್ದದ್ದು ನದಿಯ ದಾರಿ. ಬೆಟ್ಟ ದಾಟಿಸಿ ಪೂರ್ವ ಕರಾವಳಿಗೆ ಗಾಡಿಯಲ್ಲಿ ಸಾಗಿಸಿದರೆ ಬೆಳೆಯ ಬೆಲೆಗಿಂತ ಸಾಗಣೆ ಖರ್ಚೇ ಹೆಚ್ಚು. ಹಾಗಾಗಿ ಹಿಟ್ಟು, ತಂಬಾಕು, ಉಪ್ಪು ಹಾಕಿದ ಹಂದಿಮಾಂಸ, ವಿಸ್ಕಿ ಎಲ್ಲವನ್ನೂ ಚಪ್ಪಟೆ ದೋಣಿಗಳಲ್ಲಿ ತುಂಬಿ ಮಿಸಿಸಿಪ್ಪಿಯ ಉದ್ದಕ್ಕೂ ತೇಲಿಸಿಕೊಂಡು ಹೋಗಿ ನ್ಯೂ ಓರ್ಲಿಯನ್ಸ್‌ನಲ್ಲಿ ಇಳಿಸಿ ಹಡಗಿಗೆ ಏರಿಸುತ್ತಿದ್ದರು. ಊರು ಸ್ಪೇನಿನದು. 1795ರ ಒಪ್ಪಂದದಲ್ಲಿ ಸ್ಪೇನ್ ಈ ಅನುಕೂಲ ಕೊಟ್ಟಿತ್ತು. 1802ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಪೇನ್ ಅಧಿಕಾರಿ ಇದ್ದಕ್ಕಿದ್ದಂತೆ ಸರಕು ಇಳಿಸುವ ಆ ಹಕ್ಕನ್ನು ರದ್ದು ಮಾಡಿದ. ಪಶ್ಚಿಮದ ರೈತರು ಕೆಂಡವಾದರು. ಐವತ್ತು ಸಾವಿರ ಜನರ ಪಡೆ ಕಟ್ಟಿ ಊರನ್ನು ವಶ ಮಾಡಿಕೊಳ್ಳೋಣ ಎಂಬ ಗೊತ್ತುವಳಿ ಸೆನೆಟ್‌ಗೂ ಬಂತು.

ಅಧ್ಯಕ್ಷ ಜೆಫರ್ಸನ್‌ಗೆ ಅದಕ್ಕೂ ಮೊದಲೇ ಇನ್ನೊಂದು ಚಿಂತೆ ಹತ್ತಿತ್ತು. ಸ್ಪೇನ್ 1800ರಲ್ಲಿ ಗುಟ್ಟಾಗಿ ಈ ಇಡೀ ಪ್ರದೇಶವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿದೆ ಎಂಬ ಸುದ್ದಿ. ದುರ್ಬಲ ಸ್ಪೇನ್ ನೆರೆಯಲ್ಲಿದ್ದರೆ ಹೇಗೋ ನಿಭಾಯಿಸಬಹುದು, ನೆಪೋಲಿಯನ್ ಬಂದು ಕೂತರೆ? ಅದಕ್ಕೇ ಪ್ಯಾರಿಸ್‌ನಲ್ಲಿದ್ದ ರಾಯಭಾರಿ ರಾಬರ್ಟ್ ಲಿವಿಂಗ್‌ಸ್ಟನ್‌ಗೆ ಬೆಂಬಲವಾಗಿ ಜೇಮ್ಸ್ ಮನ್ರೋನನ್ನು ಕಳಿಸಿದ. ನ್ಯೂ ಓರ್ಲಿಯನ್ಸ್ ಮತ್ತು ಸಾಧ್ಯವಾದರೆ ಫ್ಲಾರಿಡಾ ಕೊಳ್ಳಿ, ಹೆಚ್ಚೆಂದರೆ ಒಂದು ಕೋಟಿ ಡಾಲರ್‌ವರೆಗೆ ಹೋಗಿ ಅನ್ನುವುದು ಸೂಚನೆ.

ಮನ್ರೋ ಪ್ಯಾರಿಸ್ ತಲುಪುವ ಹಿಂದಿನ ದಿನ, 1803ರ ಏಪ್ರಿಲ್ 11ರಂದು, ಫ್ರಾನ್ಸಿನ ವಿದೇಶಾಂಗ ಮಂತ್ರಿ ಟ್ಯಾಲಿರಾಂಡ್ ಮಾತಿನ ನಡುವೆ ಲಿವಿಂಗ್‌ಸ್ಟನ್‌ನನ್ನು ಕೇಳಿದ: ಇಡೀ ಲೂಯಿಸಿಯಾನ ಕೊಟ್ಟರೆ ಎಷ್ಟು ಕೊಡುತ್ತೀರಿ? ಲಿವಿಂಗ್‌ಸ್ಟನ್‌ಗೆ ಕಿವುಡು ಸ್ವಲ್ಪ ಇತ್ತು, ಆದರೆ ಇದು ಚೆನ್ನಾಗಿಯೇ ಕೇಳಿಸಿತು.

ನೆಪೋಲಿಯನ್ ಯಾಕೆ ಮಾರಿದ ಅಂದಿರಿ. ಒಂದೇ ಮಾತಲ್ಲಿ ಹೇಳುವುದಾದರೆ ಹೈಟಿ. ಆಗ ಅದರ ಹೆಸರು ಸೇಂಟ್ ಡೊಮಿಂಗ್, ಫ್ರಾನ್ಸಿನ ಖಜಾನೆಗೆ ಸಕ್ಕರೆ, ಕಾಫಿಯಿಂದ ಹಣ ಸುರಿಯುತ್ತಿದ್ದ ದ್ವೀಪ. ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಅವರು ದಂಗೆ ಎದ್ದರು, ಗೆದ್ದರು, ತೂಸಾಂ ಲೂವರ್ತ್ಯೂರ್ ಎಂಬ ನಾಯಕನ ಕೆಳಗೆ ತಮ್ಮದೇ ಆಡಳಿತ ನಡೆಸತೊಡಗಿದರು. ನೆಪೋಲಿಯನ್‌ನ ಯೋಜನೆ ಇದ್ದದ್ದು ಹೀಗೆ: ಸೈನ್ಯ ಕಳಿಸಿ ದ್ವೀಪವನ್ನು ಮತ್ತೆ ಹಿಡಿಯುವುದು, ಅಲ್ಲಿನ ಜನಕ್ಕೆ ಬೇಕಾದ ಧಾನ್ಯ, ಮಾಂಸ, ಮರವನ್ನು ಲೂಯಿಸಿಯಾನದಿಂದ ತರಿಸುವುದು. ಅಂದರೆ ಲೂಯಿಸಿಯಾನ ಅವನಿಗೆ ಬೇಕಾಗಿದ್ದೇ ಆ ದ್ವೀಪಕ್ಕೋಸ್ಕರ. ತಂಗಿಯ ಗಂಡ ಲೆಕ್ಲೇರ್‌ನ ಕೈಗೆ ದೊಡ್ಡ ಸೈನ್ಯ ಕೊಟ್ಟು ಕಳಿಸಿದ. ಲೂವರ್ತ್ಯೂರ್‌ನನ್ನು ಮೋಸದಿಂದ ಸೆರೆ ಹಿಡಿದು ಫ್ರಾನ್ಸಿಗೆ ಸಾಗಿಸಿದರು, ಅವನು ಅಲ್ಲಿನ ಚಳಿ ಕೋಟೆಯಲ್ಲಿ 1803ರ ಏಪ್ರಿಲ್‌ನಲ್ಲಿ ಸತ್ತ. ಆದರೂ ಹೋರಾಟ ನಿಲ್ಲಲಿಲ್ಲ. ಸಾವಿರಾರು ಸೈನಿಕರು ಒಂದು ಕಡೆ ಹಳದಿ ಜ್ವರಕ್ಕೆ, ಇನ್ನೊಂದು ಕಡೆ ಹೋರಾಟಗಾರರ ಕೈಗೆ ಸಿಕ್ಕಿ ಸತ್ತರು. ಲೆಕ್ಲೇರ್ ಕೂಡ ಜ್ವರದಲ್ಲೇ ಹೋದ. ಲೂಯಿಸಿಯಾನಕ್ಕೆ ಹೊರಡಬೇಕಿದ್ದ ಇನ್ನೊಂದು ಪಡೆ ಹಾಲೆಂಡಿನ ಬಂದರಲ್ಲಿ ಚಳಿಗಾಲದ ಮಂಜುಗಡ್ಡೆಗೆ ಸಿಕ್ಕಿಕೊಂಡಿತು.

ದ್ವೀಪವೇ ಕೈತಪ್ಪಿದ ಮೇಲೆ ಅದಕ್ಕೆ ಅನ್ನ ಹಾಕುವ ನೆಲ ಇಟ್ಟುಕೊಂಡು ಏನು ಮಾಡುವುದು? ಜೊತೆಗೆ ಬ್ರಿಟನ್ ಜೊತೆ ಯುದ್ಧ ಮತ್ತೆ ಶುರುವಾಗುವುದರಲ್ಲಿತ್ತು, ಶುರುವಾದರೆ ಬ್ರಿಟಿಷ್ ನೌಕಾಪಡೆ ನ್ಯೂ ಓರ್ಲಿಯನ್ಸನ್ನು ಸಲೀಸಾಗಿ ಹಿಡಿಯುತ್ತಿತ್ತು. ಹೇಗೂ ಕಳೆದುಕೊಳ್ಳುವುದನ್ನು ಈಗಲೇ ಮಾರಿ ಯುದ್ಧಕ್ಕೆ ದುಡ್ಡು ಮಾಡಿಕೊಳ್ಳೋಣ ಅಂದುಕೊಂಡ. ಹಾಗಾಗಿ ಅವನು ಪೆದ್ದುತನದಿಂದ ಮಾರಿದ ಅನ್ನುವುದು ಸರಿಯಲ್ಲ. ನನ್ನ ಕೇಳಿದರೆ, ಕೈಲಿಲ್ಲದ ವಸ್ತುವಿಗೆ ಅವನಿಗೆ ಒಳ್ಳೆಯ ಬೆಲೆಯೇ ಸಿಕ್ಕಿತು. ಅಮೆರಿಕದಲ್ಲಿ ಇದನ್ನು ಆಗಲೇ ಅರ್ಥ ಮಾಡಿಕೊಂಡವರಿದ್ದರು. ಜೆಫರ್ಸನ್‌ನ ಕಡು ವಿರೋಧಿ ಹ್ಯಾಮಿಲ್ಟನ್ ಸ್ಥಾಪಿಸಿದ ಪತ್ರಿಕೆಯಲ್ಲಿ, ಸುದ್ದಿ ಬಂದ ಕೆಲವೇ ದಿನಗಳಲ್ಲಿ, ಈ ಖರೀದಿಯ ಶ್ರೇಯಸ್ಸು ಅಧ್ಯಕ್ಷನ ಜಾಣತನಕ್ಕೆ ಅಲ್ಲ, ಆ ದ್ವೀಪದ ಮಾರಕ ಹವೆಗೆ ಮತ್ತು ಅಲ್ಲಿನ ಕಪ್ಪು ಜನರ ಹಟದ ಹೋರಾಟಕ್ಕೆ ಸಲ್ಲಬೇಕು ಎಂದು ಬರೆದರು. ಹೊಟ್ಟೆಕಿಚ್ಚಿನಿಂದ ಬರೆದದ್ದೇ ಇರಬಹುದು, ಆದರೆ ವಿಷಯ ನೇರವಾಗಿದೆ. ಗುಲಾಮಗಿರಿಯನ್ನು ಕಿತ್ತೆಸೆದವರ ಗೆಲುವಿನಿಂದ ಸಿಕ್ಕಿದ ನೆಲದಲ್ಲಿ ಅಮೆರಿಕ ಮುಂದೆ ಗುಲಾಮರ ದುಡಿಮೆಯ ಹತ್ತಿ, ಕಬ್ಬು ಬೆಳೆಯಿತು. ಈ ಮಾತು ಪಠ್ಯಪುಸ್ತಕದ ಎರಡು ಸಾಲಿನಲ್ಲಿ ಬರುವುದಿಲ್ಲ.

ಮಾತುಕತೆ ನಡೆಸಿದ್ದು ಫ್ರಾನ್ಸಿನ ಹಣಕಾಸು ಮಂತ್ರಿ ಬಾರ್ಬೆ ಮಾರ್ಬ್ವಾ. ನೂರು ಮಿಲಿಯನ್ ಫ್ರಾಂಕ್‌ನಿಂದ ಶುರು ಮಾಡಿ ಎಂಬತ್ತಕ್ಕೆ ಬಂದು ನಿಂತರು. ಅದರಲ್ಲಿ ಅರವತ್ತು ನೇರ ಬೆಲೆ, ಅಂದರೆ 112.5 ಲಕ್ಷ ಡಾಲರ್. ಉಳಿದ ಇಪ್ಪತ್ತು, ಫ್ರಾನ್ಸ್ ಅಮೆರಿಕದ ವ್ಯಾಪಾರಿಗಳಿಗೆ ಕೊಡಬೇಕಿದ್ದ ಪರಿಹಾರ. ಅದನ್ನು ಅಮೆರಿಕವೇ ತೀರಿಸುತ್ತೇನೆ ಅಂತ ಒಪ್ಪಿಕೊಂಡಿತು. ಒಟ್ಟು 150 ಲಕ್ಷ ಡಾಲರ್. ಆಗಿನ ಅಮೆರಿಕ ಸರ್ಕಾರದ ಹೆಚ್ಚುಕಡಿಮೆ ಒಂದು ವರ್ಷದ ಆದಾಯ. ಅಷ್ಟು ನಗದು ಎಲ್ಲಿತ್ತು? ಶೇ 6 ಬಡ್ಡಿಯ ಬಾಂಡ್ ಕೊಟ್ಟರು. ಆ ಬಾಂಡ್‌ಗಳನ್ನು ಆಮ್‌ಸ್ಟರ್‌ಡ್ಯಾಮಿನ ಹೋಪ್ ಮತ್ತು ಲಂಡನ್ನಿನ ಬೇರಿಂಗ್ ಎಂಬ ಎರಡು ಬ್ಯಾಂಕ್ ಮನೆತನಗಳು ರಿಯಾಯಿತಿ ದರದಲ್ಲಿ ಕೊಂಡು ನೆಪೋಲಿಯನ್‌ಗೆ ಹಣ ಕೊಟ್ಟವು. ಲಂಡನ್ನಿನ ಬ್ಯಾಂಕು, ಬ್ರಿಟನ್ನಿನ ಮೇಲೆ ಯುದ್ಧ ಸಾರುವವನಿಗೆ ದುಡ್ಡು! ಬಡ್ಡಿ ಸೇರಿಸಿದರೆ ಅಮೆರಿಕ ಕೊನೆಗೆ ತೆತ್ತದ್ದು 230 ಲಕ್ಷ ಡಾಲರ್ ದಾಟುತ್ತದೆ, ಮೂರು ಸೆಂಟ್ ಅನ್ನುವವರು ಅದನ್ನೂ ಬಿಟ್ಟುಬಿಡುತ್ತಾರೆ.

ಈಗ ಹಕ್ಕಿನ ವಿಷಯ. ನಮ್ಮ ಕಡೆ ಜಮೀನು ಕೊಳ್ಳುವವರು ಮೊದಲು ಪಹಣಿ ಯಾರ ಹೆಸರಲ್ಲಿದೆ ಅಂತ ನೋಡುತ್ತಾರೆ, ಅಲ್ವಾ? ಈ ಜಮೀನಿನ ಪಹಣಿಯಲ್ಲಿ ಇನ್ನೂ ಸ್ಪೇನಿನ ಹೆಸರಿತ್ತು. ಒಪ್ಪಂದದ ಮೇಲಿನ ತಾರೀಕು 1803ರ ಏಪ್ರಿಲ್ 30. ಆ ದಿನ ನ್ಯೂ ಓರ್ಲಿಯನ್ಸ್‌ನಲ್ಲಿ ಹಾರುತ್ತಿದ್ದದ್ದು ಸ್ಪೇನಿನ ಬಾವುಟ, ಆಡಳಿತ ಸ್ಪೇನ್ ಅಧಿಕಾರಿಗಳದು. ಫ್ರಾನ್ಸ್ ಊರನ್ನು ವಿಧಿವತ್ತಾಗಿ ವಹಿಸಿಕೊಂಡದ್ದು ನವೆಂಬರ್ 30ಕ್ಕೆ; ಇಪ್ಪತ್ತೇ ದಿನಕ್ಕೆ, ಡಿಸೆಂಬರ್ 20ಕ್ಕೆ, ಅಮೆರಿಕದ ಕೈಗಿಟ್ಟಿತು. ಸ್ಪೇನಿನ ತಕರಾರು ಗಟ್ಟಿಯಾದದ್ದೇ. ಬದಲಿಗೆ ಇಟಲಿಯ ಟಸ್ಕನಿಯಲ್ಲಿ ಸ್ಪೇನ್ ರಾಜನ ಅಳಿಯನಿಗೆ ಒಂದು ರಾಜ್ಯ ಕೊಡಿಸುತ್ತೇನೆ ಅಂದಿದ್ದ ಫ್ರಾನ್ಸ್ ಆ ಮಾತನ್ನು ಸರಿಯಾಗಿ ನಡೆಸಲಿಲ್ಲ ಎಂಬುದು ಒಂದು. ಲೂಯಿಸಿಯಾನವನ್ನು ಬೇರೆ ಯಾವ ದೇಶಕ್ಕೂ ಕೊಡುವುದಿಲ್ಲ ಎಂದು 1802ರಲ್ಲಿ ಫ್ರಾನ್ಸಿನ ರಾಯಭಾರಿ ಮಾತು ಕೊಟ್ಟಿದ್ದ ಎಂಬುದು ಇನ್ನೊಂದು. ವಾಷಿಂಗ್ಟನ್‌ನಲ್ಲಿದ್ದ ಸ್ಪೇನಿನ ರಾಯಭಾರಿ ಇದನ್ನೆಲ್ಲ ಲಿಖಿತವಾಗಿ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಪೇನಿಗೆ ಕಾದಾಡುವ ಶಕ್ತಿ ಇರಲಿಲ್ಲ, ಕೆಲವೇ ತಿಂಗಳಲ್ಲಿ ಸುಮ್ಮನಾಯಿತು.

ಫ್ರಾನ್ಸಿನ ಸಂವಿಧಾನದ ಪ್ರಕಾರವೂ ಇಂಥ ಒಪ್ಪಂದಕ್ಕೆ ಶಾಸನಸಭೆಯ ಒಪ್ಪಿಗೆ ಬೇಕಿತ್ತು. ಅದನ್ನು ಕೇಳುವ ಗೋಜಿಗೆ ನೆಪೋಲಿಯನ್ ಹೋಗಲಿಲ್ಲ. ಅವನ ತಮ್ಮ ಲೂಸಿಯನ್ ತನ್ನ ನೆನಪುಗಳಲ್ಲಿ ಒಂದು ಪ್ರಸಂಗ ಬರೆದಿದ್ದಾನೆ. ಲೂಸಿಯನ್ ಮತ್ತು ಅಣ್ಣ ಜೋಸೆಫ್ ಇಬ್ಬರೂ ಮಾರಾಟ ಬೇಡ ಎಂದು ಹೇಳಲು ಹೋದಾಗ ನೆಪೋಲಿಯನ್ ಸ್ನಾನದ ತೊಟ್ಟಿಯಲ್ಲಿದ್ದನಂತೆ. ಸಭೆಯಲ್ಲಿ ವಿರೋಧಿಸುತ್ತೇನೆ ಅಂತ ಜೋಸೆಫ್ ಅಂದದ್ದಕ್ಕೆ ಸಿಟ್ಟಿನಿಂದ ಎದ್ದು ಮತ್ತೆ ದೊಪ್ಪನೆ ತೊಟ್ಟಿಗೆ ಬಿದ್ದು, ನೀರೆಲ್ಲ ಅಣ್ಣನ ಮೈಮೇಲೆ ಚೆಲ್ಲಿದನಂತೆ. ಎಷ್ಟು ಉಪ್ಪುಖಾರ ಸೇರಿದೆಯೋ, ಆದರೆ ಆಗಿನ ಫ್ರಾನ್ಸಿನಲ್ಲಿ ತೀರ್ಮಾನಗಳು ಯಾವ ರೀತಿ ಆಗುತ್ತಿದ್ದವು ಅನ್ನುವುದು ಇದರಿಂದ ತಿಳಿಯುತ್ತದೆ.

ಅಮೆರಿಕದ ಕಡೆ ಕಥೆ ಇನ್ನೂ ಮಜವಾಗಿದೆ, ಯಾಕೆಂದರೆ ಇಲ್ಲಿ ಸಿಕ್ಕಿಬಿದ್ದವನು ಜೆಫರ್ಸನ್. ಸಂವಿಧಾನದಲ್ಲಿ ಬರೆದಿಲ್ಲದ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇಲ್ಲ ಅನ್ನುವುದು ಅವನ ಜೀವಮಾನದ ರಾಜಕೀಯ. 1791ರಲ್ಲಿ ರಾಷ್ಟ್ರೀಯ ಬ್ಯಾಂಕ್ ಬೇಡ ಎಂದು ವಾದಿಸಿದ್ದೇ ಈ ನೆಲೆಯಲ್ಲಿ. ಈಗ ನೋಡಿದರೆ ಸಂವಿಧಾನದಲ್ಲಿ ಹೊರದೇಶದ ನೆಲ ಕೊಳ್ಳುವ ಬಗ್ಗೆ ಒಂದು ಅಕ್ಷರ ಇಲ್ಲ. ಅವನ ಖಜಾನೆ ಮಂತ್ರಿ ಗ್ಯಾಲಟಿನ್, ದೇಶ ಅಂದಮೇಲೆ ನೆಲ ಪಡೆಯುವ ಹಕ್ಕು ತಾನಾಗಿಯೇ ಇರುತ್ತದೆ ಎಂದು ಮೊದಲೇ ಹೇಳಿದ್ದ. ಅಟಾರ್ನಿ ಜನರಲ್ ಇನ್ನೂ ಚಾಲಾಕಿ ಉಪಾಯ ಕೊಟ್ಟಿದ್ದ: ಈಗಿರುವ ಯಾವುದಾದರೂ ರಾಜ್ಯದ ಗಡಿ ವಿಸ್ತರಿಸಿದ ಹಾಗೆ ತೋರಿಸಿಬಿಡಿ. ಜೆಫರ್ಸನ್‌ಗೆ ಸಮಾಧಾನ ಆಗಲಿಲ್ಲ. ಸಂವಿಧಾನ ತಿದ್ದುಪಡಿಯ ಕರಡನ್ನೇ ಬರೆದ. ಆಗಸ್ಟ್ 12ರಂದು ಸೆನೆಟರ್ ಬ್ರೆಕಿನ್‌ರಿಜ್‌ಗೆ ಬರೆದ ಪತ್ರದಲ್ಲಿ, ನಾನು ಮಾಡಿದ್ದು ಸಂವಿಧಾನವನ್ನು ಮೀರಿದ ಕೆಲಸ ಎಂದು ನೇರವಾಗಿ ಒಪ್ಪಿಕೊಂಡ. ಅಪ್ರಾಪ್ತನ ಹಣದಲ್ಲಿ ಪಕ್ಕದ ಆಸ್ತಿ ಕೊಂಡ ಪೋಷಕನಿಗೆ ತನ್ನನ್ನು ಹೋಲಿಸಿಕೊಂಡು, ನಿನ್ನ ಒಳ್ಳೆಯದಕ್ಕೇ ಮಾಡಿದೆ, ಬೇಡವಾದರೆ ನನ್ನನ್ನು ತಿರಸ್ಕರಿಸು ಎಂಬ ಧಾಟಿಯಲ್ಲಿ ಬರೆದ.

ಆಮೇಲೆ ಒಂದು ವಾರವೂ ಕಳೆದಿರಲಿಲ್ಲ, ಲಿವಿಂಗ್‌ಸ್ಟನ್ ಪತ್ರ ಬಂತು. ನೆಪೋಲಿಯನ್ ಮನಸ್ಸು ಬದಲಾಯಿಸುವ ಹಾಗಿದೆ, ಬೇಗ ಮುಗಿಸಿ ಎಂದು. ಒಪ್ಪಂದಕ್ಕೆ ಆರು ತಿಂಗಳೊಳಗೆ ಅನುಮೋದನೆ ಬೇಕಿತ್ತು. ತಿದ್ದುಪಡಿಗೆ ರಾಜ್ಯಗಳ ಒಪ್ಪಿಗೆ ಪಡೆಯುತ್ತಾ ಕೂತರೆ ಅವಧಿ ಮುಗಿದೇ ಹೋಗುತ್ತಿತ್ತು. ಜೆಫರ್ಸನ್ ಕೂಡಲೇ ಬ್ರೆಕಿನ್‌ರಿಜ್‌ಗೆ ಮತ್ತೆ ಬರೆದ, ಮೊದಲ ಪತ್ರದ ಮಾತನ್ನು ಹೊರಗೆ ಬಿಡಬೇಡ ಎಂದು. ತಿದ್ದುಪಡಿಯ ಕರಡು ಕಪಾಟು ಸೇರಿತು. ಅಕ್ಟೋಬರ್ 20ರಂದು ಸೆನೆಟ್ 24 ಕ್ಕೆ 7 ಮತಗಳಿಂದ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿತು. ಕೆಳಮನೆಯಲ್ಲಿ, ಸ್ಪೇನ್ ಫ್ರಾನ್ಸಿಗೆ ಬಿಟ್ಟುಕೊಟ್ಟ ಮೂಲ ದಾಖಲೆ ತೋರಿಸಿ ಎಂದು ವಿರೋಧ ಪಕ್ಷದ ಗ್ರಿಸ್ವೋಲ್ಡ್ ತಂದ ಗೊತ್ತುವಳಿ ಎರಡೇ ಎರಡು ಮತಗಳಿಂದ ಬಿತ್ತು, 57 ಕ್ಕೆ 59.

ವಿರೋಧಿಸಿದ ಫೆಡರಲಿಸ್ಟ್ ಪಕ್ಷದವರು ತತ್ವನಿಷ್ಠರಾಗಿದ್ದರು ಅಂದುಕೊಳ್ಳಬೇಡಿ. ಜೆಫರ್ಸನ್ ಸಂವಿಧಾನದ ಬಿಗಿ ಅರ್ಥವನ್ನು ಬಿಟ್ಟ ಹಾಗೆಯೇ ಅವರು ತಮ್ಮ ಸಡಿಲ ಅರ್ಥವನ್ನು ಬಿಟ್ಟರು, ಎರಡು ಕಡೆಯವರೂ ರಾತ್ರೋರಾತ್ರಿ ಒಬ್ಬರ ವಾದ ಇನ್ನೊಬ್ಬರು ಹಿಡಿದುಕೊಂಡರು. ಅವರ ನಿಜವಾದ ಭಯ ಬೇರೆ. ಒಪ್ಪಂದದ 3ನೇ ವಿಧಿ ಅಲ್ಲಿನ ನಿವಾಸಿಗಳನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಭರವಸೆ ಕೊಡುತ್ತದೆ. ಹೊಸ ರಾಜ್ಯಗಳು ಬಂದರೆ ಅವು ಪಶ್ಚಿಮದ, ದಕ್ಷಿಣದ ರಾಜ್ಯಗಳಾಗುತ್ತವೆ, ನ್ಯೂ ಇಂಗ್ಲೆಂಡ್‌ನ ತೂಕ ಕಡಿಮೆಯಾಗುತ್ತದೆ. ಮ್ಯಾಸಚೂಸೆಟ್ಸ್‌ನ ಪಿಕರಿಂಗ್ ಅಂತೂ ಉತ್ತರದ ರಾಜ್ಯಗಳು ಬೇರೆಯಾಗಿ ಹೋಗೋಣ ಎಂಬ ಮಾತನ್ನೂ ಎತ್ತಿದ. ಅದು ಕೂಡಿಬರಲಿಲ್ಲ. ಕಾನೂನಿನ ಪ್ರಶ್ನೆಗೆ ಉತ್ತರ ಬಂದದ್ದು 1828ರಲ್ಲಿ: ಯುದ್ಧ ಮತ್ತು ಒಪ್ಪಂದ ಮಾಡುವ ಅಧಿಕಾರದಲ್ಲೇ ನೆಲ ಪಡೆಯುವ ಅಧಿಕಾರವೂ ಅಡಗಿದೆ ಎಂದು ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಒಂದು ತೀರ್ಪಿನಲ್ಲಿ ಹೇಳಿದರು. ಪರೀಕ್ಷೆಯಲ್ಲಿ ಜೆಫರ್ಸನ್ ಸಂವಿಧಾನ ಮುರಿದನೇ ಅಂತ ಬಂದರೆ, ಕಾನೂನಿನ ಪ್ರಕಾರ ಇಲ್ಲ, ಅವನದೇ ಸಿದ್ಧಾಂತದ ಪ್ರಕಾರ ಹೌದು ಎಂದು ಬರೆಯಿರಿ.

ಇಲ್ಲಿ ನಮ್ಮ ಸಂವಿಧಾನವನ್ನೂ ನೋಡಿಬಿಡಿ, ನಿಮಗೆ ಹೇಗೂ ಬೇಕಾಗುತ್ತದೆ. ಅಮೆರಿಕದವರು ಬರೆಯದೆ ಬಿಟ್ಟದ್ದನ್ನು ನಮ್ಮವರು 1ನೇ ವಿಧಿಯಲ್ಲೇ ಬರೆದಿದ್ದಾರೆ: ಭಾರತದ ಪ್ರದೇಶ ಅಂದರೆ ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು, ಜೊತೆಗೆ ಮುಂದೆ ಪಡೆಯಬಹುದಾದ ಇತರ ಪ್ರದೇಶಗಳು. 1960ರ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಹೊರಗಿನ ನೆಲ ಪಡೆಯುವುದು ಸಾರ್ವಭೌಮ ದೇಶದ ಸಹಜ ಅಧಿಕಾರ, ಆದರೆ ನಮ್ಮ ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನ ತಿದ್ದುಪಡಿ ಬೇಕು. ಅದಕ್ಕೇ 2015ರಲ್ಲಿ ಬಾಂಗ್ಲಾದೇಶದ ಜೊತೆ ಗಡಿಯ ತುಂಡುಗಳನ್ನು ಅದಲುಬದಲು ಮಾಡಲು 100ನೇ ತಿದ್ದುಪಡಿ ಆಯಿತು. ಇನ್ನು ಕೊಳ್ಳಬಹುದಾ ಅಂತ ಕೇಳಿದಿರಿ. ಆ ಕಾಲದಲ್ಲಿ ಧಾರಾಳವಾಗಿ ನಡೆಯುತ್ತಿತ್ತು. ಡೆನ್ಮಾರ್ಕ್ 1845ರಲ್ಲಿ ತಮಿಳುನಾಡಿನ ತರಂಗಂಬಾಡಿ ಮತ್ತು ಬಂಗಾಳದ ಸೇರಾಂಪುರವನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿತು. 1867ರಲ್ಲಿ ರಷ್ಯಾ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು.

ಅಲ್ಲಿ ಇದ್ದ ಜನರ ವಿಷಯಕ್ಕೆ ಬರೋಣ. ಮೂಲ ನಿವಾಸಿಗಳನ್ನು ಬಿಟ್ಟರೆ ಸುಮಾರು 60,000 ಜನ, ಅದರಲ್ಲಿ ಅರ್ಧದಷ್ಟು ಗುಲಾಮರು. ಉಳಿದವರಲ್ಲಿ ಫ್ರೆಂಚ್, ಸ್ಪ್ಯಾನಿಷ್ ಮಾತಾಡುವವರೇ ಹೆಚ್ಚು. ಒಕ್ಕೂಟಕ್ಕೆ ಸೇರಿಸಿಕೊಳ್ಳುತ್ತೇವೆ ಎಂಬ ಭರವಸೆ ಕೊಟ್ಟ ಸರ್ಕಾರ 1804ರಲ್ಲಿ ಅವರ ಮೇಲೆ ಅಧ್ಯಕ್ಷನೇ ನೇಮಿಸಿದ ಗವರ್ನರ್, ಅಧ್ಯಕ್ಷನೇ ನೇಮಿಸಿದ 13 ಜನರ ಮಂಡಳಿಯನ್ನು ಕೂರಿಸಿತು. ಮತದಾನ ಇಲ್ಲ. ಗವರ್ನರ್ ಕ್ಲೇಬೋರ್ನ್‌ಗೆ ಫ್ರೆಂಚ್ ಬರುತ್ತಿರಲಿಲ್ಲ. ಒಪ್ಪಿಗೆ ಇಲ್ಲದೆ ಆಳಬಾರದು ಅಂತ ಬ್ರಿಟನ್ ವಿರುದ್ಧ ಘೋಷಣೆ ಬರೆದ ಜೆಫರ್ಸನ್ನೇ ಈಗ ಹೀಗೆ ಮಾಡಿದ ಎಂದು ಅಲ್ಲಿನ ಜನ ದೊಡ್ಡ ಮನವಿ ಪತ್ರವನ್ನೇ ಕಳಿಸಿದರು. ರಾಜ್ಯದ ಸ್ಥಾನ ಸಿಕ್ಕಿದ್ದು 1812ರಲ್ಲಿ. ಆಮೇಲೆ ಮಿಸೌರಿ ಗುಲಾಮಗಿರಿ ಇರುವ ರಾಜ್ಯವಾಗಬೇಕಾ ಬೇಡವಾ ಎಂಬ ಜಗಳ 1820ರ ರಾಜಿಗೆ, ಕ್ಯಾನ್ಸಸ್ ಮತ್ತು ನೆಬ್ರಾಸ್ಕಾದ ಜಗಳ 1854ರ ಕಾನೂನಿಗೆ, ಅಲ್ಲಿಂದ ಒಳಯುದ್ಧಕ್ಕೆ ಹೋಯಿತು. ಎಲ್ಲವೂ ಇದೇ ನೆಲದ ಮೇಲೆ.

ಆದರೆ ನನ್ನ ದೃಷ್ಟಿಯಲ್ಲಿ ಈ ಖರೀದಿಯ ದೊಡ್ಡ ತಕರಾರು ಇದಾವುದೂ ಅಲ್ಲ. ಫ್ರಾನ್ಸಿನ ಕೈಯಲ್ಲಿ ನಿಜವಾಗಿ ಇದ್ದದ್ದು ನ್ಯೂ ಓರ್ಲಿಯನ್ಸ್, ಸೇಂಟ್ ಲೂಯಿಸ್, ನದಿ ದಡದ ಕೆಲವು ಊರುಗಳು. ಉಳಿದ ಅಷ್ಟೂ ನೆಲ ಓಸೇಜ್, ಪಾನಿ, ಮ್ಯಾಂಡನ್, ಸೂ, ಕೋಮಾಂಚಿ ಮೊದಲಾದ ಮೂಲ ನಿವಾಸಿ ಜನಾಂಗಗಳದು. ಅವರಲ್ಲಿ ಬಹಳ ಮಂದಿ ಫ್ರೆಂಚ್ ರಾಜನ ಪ್ರಜೆಗಳಾಗಿ ಒಂದು ದಿನವೂ ಬದುಕಿದವರಲ್ಲ. ಹಾಗಾದರೆ ಮಾರಿದ್ದು ಏನನ್ನು? ಯುರೋಪಿನ ದೇಶಗಳು ತಮ್ಮತಮ್ಮೊಳಗೆ ಮಾಡಿಕೊಂಡಿದ್ದ ಒಂದು ಏರ್ಪಾಡಿತ್ತು. ಈ ಭಾಗದ ಮೂಲ ನಿವಾಸಿಗಳಿಂದ ನೆಲ ಕೊಳ್ಳುವ, ಇಲ್ಲವೇ ಕಿತ್ತುಕೊಳ್ಳುವ ಹಕ್ಕು ಇಂಥ ದೇಶಕ್ಕೇ, ಬೇರೆಯವರು ಕೈ ಹಾಕುವಂತಿಲ್ಲ. ನೆಪೋಲಿಯನ್ ಮಾರಿದ್ದು ಆ ಸರದಿಯನ್ನು. ನನ್ನ ಮಾತು ಅತಿಯಾಯಿತು ಅನ್ನಿಸಿದರೆ ಒಪ್ಪಂದದ 6ನೇ ವಿಧಿ ಓದಿ: ಸ್ಪೇನ್ ಈ ಜನಾಂಗಗಳ ಜೊತೆ ಮಾಡಿಕೊಂಡ ಒಪ್ಪಂದಗಳನ್ನು, ಪರಸ್ಪರ ಒಪ್ಪಿಗೆಯಿಂದ ಬೇರೆ ಒಪ್ಪಂದ ಆಗುವವರೆಗೆ, ಅಮೆರಿಕ ಪಾಲಿಸಬೇಕು ಎಂದಿದೆ. 1823ರಲ್ಲಿ ಅದೇ ಮಾರ್ಷಲ್ ಇನ್ನೊಂದು ತೀರ್ಪಿನಲ್ಲಿ ಈ ಸರದಿಯನ್ನು ಕಾನೂನಿನ ಸಿದ್ಧಾಂತವಾಗಿಯೇ ಬರೆದರು, ಮೂಲ ನಿವಾಸಿಗಳು ನೆಲ ಬಿಟ್ಟುಕೊಡಬೇಕಿದ್ದರೆ ಸರ್ಕಾರಕ್ಕೆ ಮಾತ್ರ ಎಂದು.

ಹಾಗಾಗಿ ಒಂದೂವರೆ ಕೋಟಿ ಡಾಲರ್ ಕೊಟ್ಟ ಮೇಲೂ ಅಮೆರಿಕ ಅದೇ ನೆಲವನ್ನು ಮತ್ತೆ ಮತ್ತೆ ಕೊಳ್ಳಬೇಕಾಯಿತು. 1808ರಲ್ಲಿ ಓಸೇಜ್ ಜನರಿಂದ ಮಿಸೌರಿ ಮತ್ತು ಅರ್ಕನ್ಸಾದ ಬಹುಭಾಗ ಬರೆಸಿಕೊಂಡಿತು. 1818ರಲ್ಲಿ ಕ್ವಾಪಾ ಜನರಿಂದ ಇನ್ನಷ್ಟು. ಮುಂದೆ ಮುಕ್ಕಾಲು ಶತಮಾನ ಇದೇ ನಡೆಯಿತು, ಕೆಲವು ಕಡೆ ಚಿಲ್ಲರೆ ಕಾಸು ಕೊಟ್ಟು, ಕೆಲವು ಕಡೆ ಸೈನ್ಯ ನಿಲ್ಲಿಸಿ. ಜೆಫರ್ಸನ್‌ನ ಕಪಾಟು ಸೇರಿದ ಆ ಕರಡಿನಲ್ಲೇ, ಮಿಸಿಸಿಪ್ಪಿಯ ಪೂರ್ವದ ಮೂಲ ನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಯೋಚನೆ ಇತ್ತು. 1830ರ ದಶಕದಲ್ಲಿ ಅದನ್ನು ಬಲವಂತವಾಗಿ ಮಾಡಿಯೂ ಮುಗಿಸಿದರು.

ಈ ಖರೀದಿಯ ಒಂದು ಭಾಗದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ದಕ್ಷಿಣ ಡಕೋಟಾದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು 1868ರ ಒಪ್ಪಂದದಲ್ಲಿ ಸೂ ಜನರಿಗೇ ಬಿಟ್ಟಿದ್ದರು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, 1877ರಲ್ಲಿ ಸರ್ಕಾರ ಕಿತ್ತುಕೊಂಡಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ಅನ್ಯಾಯ ಎಂದು ಒಪ್ಪಿ, ಬಡ್ಡಿ ಸೇರಿಸಿ ಹತ್ತು ಕೋಟಿ ಡಾಲರಿಗಿಂತ ಹೆಚ್ಚಿನ ಪರಿಹಾರವನ್ನು ಎತ್ತಿಹಿಡಿಯಿತು. ಸೂ ಜನ ಆ ಹಣ ಮುಟ್ಟಿಲ್ಲ, ನಮಗೆ ಬೆಟ್ಟ ಬೇಕು, ದುಡ್ಡಲ್ಲ ಎನ್ನುತ್ತಾರೆ. ಸರ್ಕಾರದ ಖಾತೆಯಲ್ಲಿ ಬೆಳೆಯುತ್ತಾ ಬೆಳೆಯುತ್ತಾ ಆ ಮೊತ್ತ ಈಗ ನೂರು ಕೋಟಿ ಡಾಲರ್ ದಾಟಿದೆ.